ಮೈಚಳಿ ಮತ್ತು ಸೈಕಲ್ಲು

ಕನ್ನಡದಲ್ಲಿ ನಾಚಿಕೆಗೆ ಹಲವು ಪದಗಳಿವೆ. ನನಗೆ ಎಲ್ಲಕ್ಕಿಂತ ಇಷ್ಟ 'ಮೈಚಳಿ'. ಸ್ಟೇಜ್ ಹತ್ತೋಕೆ ಹೆದರೋ ಮಗುವಿಗೆ, ಮದುವೆಮನೇಲಿ ಕುಣಿಯೋಕೆ ಹಿಂಜರಿಯೋ ಸೋದರಮಾವನಿಗೆ ನಾವು ಹೇಳೋದು ಒಂದೇ ಮಾತು: ಮೈಚಳಿ ಬಿಟ್ಟು ಮಾಡು. ಈ ಪದ ನಾಚಿಕೆಯನ್ನು ಮನಸ್ಸಿನಲ್ಲಿ ಇಡಲಿಲ್ಲ, ಮೈಯಲ್ಲೇ ಇಟ್ಟಿತು. ಚಳಿ ಅಂದಮೇಲೆ ಅದನ್ನು ವಾದ ಮಾಡಿ ಓಡಿಸೋಕೆ ಆಗಲ್ಲ. "ಚಳಿ ಎಲ್ಲಿದೆ, ಎಲ್ಲಾ ನಿನ್ನ ಭ್ರಮೆ" ಅಂದರೆ ನಡುಗುವವರ ನಡುಕ ನಿಲ್ಲುತ್ತಾ? ಓಡಾಡಬೇಕು, ಮೈ ಬಿಸಿಯಾಗಬೇಕು, ಆಮೇಲೆ ಅದು ತಾನಾಗೇ ಬಿಡುತ್ತೆ.

ಈ ಪದ ಇತ್ತೀಚೆಗೆ ಮೇಲಿಂದ ಮೇಲೆ ನೆನಪಾಗೋಕೆ ಕಾರಣ ಸೈಕಲ್ಲು. ನನಗೆ 36 ವರ್ಷ, ತೂಕ 92 ಕೆಜಿ, ಕೆಲಸ ಸಾಫ್ಟ್‌ವೇರು. ಒಂದೂವರೆ ವರ್ಷದಿಂದ ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ ತುಳೀತಿದ್ದೀನಿ. ಯಾವ ಸೈಕಲ್ ಕೊಳ್ಳಬೇಕು, ಎಷ್ಟು ಗೇರ್ ಇರಬೇಕು ಅಂತ ಹೇಳೋಕೆ ನನಗಿಂತ ಚೆನ್ನಾಗಿ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ದಪ್ಪಗಿರೋ ಒಂದು ಮೈ ರಸ್ತೆಗಿಳಿದು ಖುಷಿಯಾಗಿ ಓಡಾಡೋಕೆ ಯಾರಿಗಾದರೂ ಕಾರಣ ಕೊಡಬೇಕಾ?

ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಕಾರಿನಲ್ಲಿ ಕೂತಾಗ ಇದು ಬರಲ್ಲ. ಆಫೀಸಿನ ಕುರ್ಚಿಯಲ್ಲಿ ಕೂತಾಗಲೂ ಬರಲ್ಲ. ಕಾರಿಗೆ ಬಾಗಿಲಿದೆ, ಕುರ್ಚಿಗೆ ಮುಂದೊಂದು ಮೇಜಿದೆ. ಸೈಕಲ್ಲಿಗೆ ಯಾವ ಮರೆಯೂ ಇಲ್ಲ. ಅಷ್ಟು ಸಾಲದು ಅಂತ ಅದು ನಿಮ್ಮನ್ನು ಮೂರಡಿ ಮೇಲೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಹಿಂದಿನ ಭಾಗವನ್ನು ಇಡೀ ಟ್ರಾಫಿಕ್ಕಿಗೆ ತೋರಿಸುತ್ತೆ. ಬಾಗಿದಾಗ ಹೊಟ್ಟೆ ತೊಡೆಗೆ ತಾಗುತ್ತೆ. ಏದುಸಿರು ಪಕ್ಕದ ಸ್ಕೂಟರಿನವರಿಗೂ ಕೇಳುತ್ತೆ. ಬೆವರಿದರೆ ಬಟ್ಟೆ ಅಂಟಿಕೊಂಡು, ನಾವು ವರ್ಷಗಟ್ಟಲೆ ಜೋಪಾನವಾಗಿ ಮುಚ್ಚಿಟ್ಟಿದ್ದನ್ನೆಲ್ಲ ಸಿಗ್ನಲ್ಲಿನಲ್ಲಿ ನಿಂತು ಹರಾಜು ಹಾಕಿದ ಹಾಗಾಗುತ್ತೆ. 'ಸಂಕೋಚ' ಅನ್ನೋ ಪದದ ಮೂಲ ಅರ್ಥವೇ ಕುಗ್ಗುವುದು, ಮುದುಡುವುದು. ಸಂಕೋಚ ಆದಾಗ ಮೈ ನಿಜವಾಗಿಯೂ ಕುಗ್ಗೋಕೆ ನೋಡುತ್ತೆ. ಭುಜ ಒಳಗೆ ಎಳೆದುಕೊಳ್ಳುತ್ತೆ, ಮೊಣಕೈ ಪಕ್ಕೆಗೆ ಅಂಟುತ್ತೆ. ಸೈಕಲ್ ಮೇಲೆ ಹೀಗೆ ಕುಗ್ಗಿ ಕೂತರೆ ಬ್ಯಾಲೆನ್ಸ್ ತಪ್ಪುತ್ತೆ. ಅಂದರೆ ಈ ನಾಚಿಕೆ ಮನಸ್ಸಿಗೆ ಚುಚ್ಚಿ ಸುಮ್ಮನಾಗಲ್ಲ, ಕೆಡವಲೂಬಲ್ಲದು.

ಇದಕ್ಕೆ ಎಲ್ಲರೂ ಕೊಡೋ ಸಮಾಧಾನ ಒಂದಿದೆ. "ಯಾರೂ ನಿನ್ನನ್ನ ನೋಡ್ತಿರಲ್ಲಮ್ಮ, ಅವರವರ ಕೆಲಸ ಅವರವರಿಗೆ." ಇದರಲ್ಲಿ ಸತ್ಯ ಇಲ್ಲದೇ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧ. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟಿ-ಶರ್ಟು ಹಾಕಿಸಿದರು. ಅದರ ಮೇಲೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ದೊಡ್ಡ ಮುಖ. ಅದನ್ನು ಹಾಕಿಕೊಂಡು, ಬೇರೆಯವರು ಕೂತಿದ್ದ ಕೋಣೆಯೊಳಕ್ಕೆ ಸ್ವಲ್ಪ ಹೊತ್ತು ಹೋಗಿ ಬರಬೇಕು. ಒಳಗಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಆ ಮುಖವನ್ನು ಗಮನಿಸಿರ್ತಾರೆ ಅಂತ ಶರ್ಟು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗದಷ್ಟು ಜನ. ನಮ್ಮ ತಲೆ ಮೇಲೆ ಒಂದು ಲೈಟು ಸದಾ ಉರೀತಿದೆ ಅಂತ ನಾವೇ ಅಂದುಕೊಂಡಿರ್ತೀವಿ, ಅದು ಅಷ್ಟೊಂದು ಉರೀತಿರಲ್ಲ ಅನ್ನೋದು ಇದರ ಸಾರ.

ಆದರೆ ಕಾಲು ಭಾಗ ಅಂದರೆ ಸೊನ್ನೆ ಅಲ್ಲವಲ್ಲ! ಸಾರಕ್ಕಿ ಸಿಗ್ನಲ್ಲಿನಲ್ಲಿ ಬೈಕಿನ ಮೇಲಿದ್ದ ಇಬ್ಬರು ಹುಡುಗರು "ಆಂಟೀ, ಟಯರ್ ಪಾಪ" ಅಂದು ನಕ್ಕು ಹೋದಾಗ ಅವರು ನನ್ನನ್ನು ನೋಡಿದ್ದು ನನ್ನ ಕಲ್ಪನೆ ಏನಲ್ಲ. ಟಿ-ಶರ್ಟನ್ನಾದರೆ ಮನೆಗೆ ಬಂದು ಬಿಚ್ಚಿ ಬಿಸಾಕಬಹುದು. ಮೈಯನ್ನು ಏನು ಮಾಡೋದು? ಅದಕ್ಕೇ "ಯಾರೂ ನೋಡ್ತಿಲ್ಲ" ಅನ್ನೋ ಸಮಾಧಾನ ಬಹಳ ದೂರ ಬರಲ್ಲ. ಮೊದಲನೇ ಸಲ ಯಾರೋ ನೋಡಿ ಏನೋ ಅಂದ ತಕ್ಷಣ ಅದು ಪಂಕ್ಚರ್. ಜನ ನೋಡ್ತಾರೆ. ಕೆಲವರು ಅಂತಾರೆ. ದಪ್ಪಗಿರೋರನ್ನ, ಅದರಲ್ಲೂ ಹೆಂಗಸರನ್ನ, ಇನ್ನೂ ಜಾಸ್ತಿ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಇನ್ನೂ ಒಂದು ತೊಡಕಿದೆ. ನೋಡೋರು ಯಾರೂ ಇಲ್ಲದಿದ್ದರೂ ಈ ಚಳಿ ಹೋಗಲ್ಲ. 1998ರಲ್ಲಿ ಪ್ರಕಟವಾದ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಒಬ್ಬೊಬ್ಬರಾಗಿ ಕನ್ನಡಿ ಇರೋ ಕೋಣೆಗೆ ಕಳಿಸಿದರು. ಕೆಲವರಿಗೆ ಸ್ವೆಟರು, ಕೆಲವರಿಗೆ ಈಜುಡುಗೆ. ಅದನ್ನು ತೊಟ್ಟುಕೊಂಡೇ ಗಣಿತದ ಲೆಕ್ಕ ಮಾಡಬೇಕಿತ್ತು. ಈಜುಡುಗೆ ತೊಟ್ಟ ಹುಡುಗಿಯರು ಸ್ವೆಟರ್ ತೊಟ್ಟ ಹುಡುಗಿಯರಿಗಿಂತ ಕಡಿಮೆ ಅಂಕ ತೆಗೆದರು. ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ, ನೆನಪಿರಲಿ. ಹೊರಗಿನ ಕಣ್ಣು ಯಾವತ್ತೋ ಒಳಗೆ ಬಂದು ಮನೆ ಮಾಡಿದೆ. ತಲೆಯ ಒಂದು ಭಾಗ ಲೆಕ್ಕ ಮಾಡ್ತಿದ್ದರೆ ಇನ್ನೊಂದು ಭಾಗ 'ನಾನು ಹೇಗೆ ಕಾಣ್ತಿದ್ದೀನಿ' ಅಂತ ಕಾವಲು ಕಾಯ್ತಾ ಕೂತಿದೆ.

ಈ ಕಾವಲುಗಾರ ನನಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಬರೆಯುವಾಗ, ಇಂಟರ್‌ವ್ಯೂ ಕೊಡುವಾಗ, ಮೊದಲ ಸಲ ಸೈಕಲ್ ಹತ್ತಿದಾಗ, ಎಲ್ಲ ಕಡೆ ಜೊತೆಗೆ ಬಂದವನು. ಅವನಿಗೆ ಸಂಬಳ ಕೊಡ್ತಿರೋದು ನನ್ನ ಗಮನದಿಂದ. ರಸ್ತೆಯ ಗುಂಡಿಗೆ, ಹಿಂದೆ ಬರ್ತಿರೋ ಬಸ್ಸಿಗೆ, ಬೆಳಗಿನ ಗಾಳಿಗೆ ಸಲ್ಲಬೇಕಾದ ಗಮನ ಅದು.

ಹಾಗಾದರೆ ಏನು ಮಾಡೋದು? ಈಗಿನ ಜನಪ್ರಿಯ ಉತ್ತರ: ನಿನ್ನ ದೇಹವನ್ನು ಪ್ರೀತಿಸು. ಇನ್‌ಸ್ಟಾಗ್ರಾಮಿನಲ್ಲಿ ದಿನಕ್ಕೆ ಹತ್ತು ಸಲ ಈ ಉಪದೇಶ ಸಿಗುತ್ತೆ. ಹೇಳೋರ ಉದ್ದೇಶ ಒಳ್ಳೇದೇ. ಆದರೆ ಇದರಲ್ಲೂ ನನಗೊಂದು ತಕರಾರಿದೆ. ಪ್ರೀತಿಸೋಕೂ ಮತ್ತೆ ಕನ್ನಡಿ ಮುಂದೆಯೇ ನಿಲ್ಲಬೇಕು. ನಿನ್ನೆವರೆಗೆ "ಛೀ" ಅಂತಿದ್ದ ಕಾವಲುಗಾರ ಇವತ್ತಿನಿಂದ "ವಾವ್" ಅನ್ನಬೇಕು ಅಷ್ಟೇ, ಅವನ ಕೆಲಸ ಹೋಗಲಿಲ್ಲ. "ವಾವ್" ಅನ್ನೋಕೆ ಆಗದ ದಿನ ಅದಕ್ಕೊಂದು ಹೊಸ ಅಪರಾಧಿ ಭಾವ ಬೇರೆ.

ಕನ್ನಡ ಇಲ್ಲಿ ಇನ್ನೊಂದು ಪದ ಕೊಡುತ್ತೆ, 'ಮೈಮರೆವು'. ಸಂಗೀತ ಕೇಳ್ತಾ ಮೈಮರೆತೆ ಅಂತೀವಿ, ಆಟ ಆಡ್ತಾ ಮೈಮರೆತೆ ಅಂತೀವಿ. ಮೈ ಪೂರ್ತಿ ದುಡೀತಿರೋ ಹೊತ್ತಲ್ಲೇ ಮೈ ಮರೆತುಹೋಗುತ್ತೆ, ಇದು ಅನುಭವದ ಮಾತು. ನನ್ನ ಮಟ್ಟಿಗೆ ಇದು ಪ್ರೀತಿಸೋದಕ್ಕಿಂತ ಸುಲಭ, ಪ್ರಾಮಾಣಿಕವೂ ಹೌದು. ದೇಹವನ್ನು ಮೆಚ್ಚಬೇಕಾಗಿಲ್ಲ. ಅದಕ್ಕೊಂದು ಕೆಲಸ ಕೊಟ್ಟರೆ ಸಾಕು.

ಕೆಲಸ ಅಂದಾಗ ಲೆಕ್ಕವೂ ಬದಲಾಗುತ್ತೆ. ಅಂಗಡಿಯಲ್ಲಿ ಸೈಕಲ್ ಕೊಳ್ಳುವಾಗ ಆ ಹುಡುಗ ನನ್ನ ಎತ್ತರ ಕೇಳಿದ. ಅದೇ ಉಸಿರಿನಲ್ಲಿ ತೂಕ ಕೇಳಿದ. ಸೈಕಲ್ಲುಗಳಿಗೆ ಇಷ್ಟು ಕೆಜಿ ಹೊರಬಹುದು ಅಂತ ಒಂದು ಮಿತಿ ಇರುತ್ತೆ, ಕೈಪಿಡಿಯಲ್ಲಿ ಬರೆದಿರುತ್ತಾರೆ. ತೂಕ ಜಾಸ್ತಿ ಇದ್ದರೆ ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ಬೇಕು. 92 ಅಂದೆ. "ಸರಿ ಮೇಡಂ, ಹಾಗಾದ್ರೆ ಅಗಲದ ಟಯರ್ ಇರೋದು ನೋಡೋಣ" ಅಂದು ಮುಂದಿನ ಸಾಲಿಗೆ ಕರೆದುಕೊಂಡು ಹೋದ. ನನ್ನ ತೂಕ ಕೇಳಿ ನಗದೆ, ಕನಿಕರಪಡದೆ, ಡಯಟ್ ಹೇಳದೆ ಬರೀ ಒಂದು ಲೆಕ್ಕ ಮಾಡಿದ ಮೊದಲ ಮನುಷ್ಯ ಅವನೇ ಇರಬೇಕು. ಆ ಸಂಖ್ಯೆ ಅಲ್ಲಿ ತೀರ್ಪಾಗಿರಲಿಲ್ಲ, ಟೈರಿನ ಅಳತೆಯಾಗಿತ್ತು.

ಇನ್ನೊಂದು ಲೆಕ್ಕ ನಾನೇ ಮಾಡಿದೆ. ನನ್ನ ಗೆಳತಿ 58 ಕೆಜಿ. ಇಬ್ಬರ ಸೈಕಲ್ಲೂ 14 ಕೆಜಿ ಅಂತಿಟ್ಟುಕೊಳ್ಳಿ. 100 ಮೀಟರ್ ಎತ್ತರದ ಏರು ಹತ್ತೋಕೆ ಗುರುತ್ವಾಕರ್ಷಣೆಯ ವಿರುದ್ಧ ಅವಳು ಸುಮಾರು 70,500 ಜೂಲ್ ಕೆಲಸ ಮಾಡಬೇಕು. ನಾನು ಸುಮಾರು 1,04,000 ಜೂಲ್. ಪಿಯುಸಿ ಫಿಸಿಕ್ಸ್ ಇದು, ಎಂ ಜಿ ಎಚ್. ಅಂದರೆ ಅದೇ ಏರಿಗೆ ನಾನು ಅವಳ ಹತ್ತಿರ ಹತ್ತಿರ ಒಂದೂವರೆ ಪಟ್ಟು ದುಡೀತೀನಿ. ರಸ್ತೆಯಲ್ಲಿ ನೋಡೋರಿಗೆ ಕಾಣೋದು ಅವಳು ಮುಂದೆ, ನಾನು ಹಿಂದೆ, ಅವಳು ಮಾತಾಡ್ತಿದ್ದಾಳೆ, ನಾನು ಏದುಸಿರು ಬಿಡ್ತಿದ್ದೀನಿ ಅನ್ನೋದು. ಏದುಸಿರನ್ನು ಸೋಮಾರಿತನದ ಗುರುತು ಅಂತ ಓದೋದು ಸುಲಭ. ಲೆಕ್ಕದ ಪ್ರಕಾರ ಅದು ಜಾಸ್ತಿ ದುಡಿಮೆಯ ಗುರುತು. ಸಮತಟ್ಟು ರಸ್ತೆಯಲ್ಲಿ ತೂಕದ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ, ವೇಗ ಹೆಚ್ಚಿದಂತೆ ಅಲ್ಲಿ ಮುಖ್ಯವಾಗಿ ಅಡ್ಡ ಬರೋದು ಗಾಳಿ. ಇನ್ನು ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಸುಮ್ಮನೆ ಕೂತರೆ ಭೌತಶಾಸ್ತ್ರ ನನ್ನ ಪರ. ಅಲ್ಲಿ ಗೆಳತಿಯೇ ಹಿಂದೆ.

ಬೈಯುವವರ ಕಥೆ ಬಿಡಿ, ಅವರನ್ನು ಗುರುತಿಸೋದು ಸುಲಭ. ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಹೊಗಳುವವರು. ಬೆಳಿಗ್ಗೆ ವಾಕಿಂಗ್ ಬರೋ ಹಿರಿಯರೊಬ್ಬರು ಕೈಯೆತ್ತಿ ನಿಲ್ಲಿಸಿ, ಮನಃಪೂರ್ವಕವಾಗಿ ಹೇಳಿದ್ದರು: "ವೆರಿ ಗುಡ್ಡಮ್ಮ. ಬಿಡದೆ ಮಾಡಿ. ಆರು ತಿಂಗಳಲ್ಲಿ ಕರಗಿ ಹೋಗ್ತೀರಾ." ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಕ್ರಿಯಾಪದ ಮನೆವರೆಗೂ ಜೊತೆಗೆ ಬಂತು. ಕರಗಿ ಹೋಗ್ತೀರಾ! ಆಫೀಸಿನಲ್ಲೂ ಹಾಗೇ. ಹೆಲ್ಮೆಟ್ ಹಿಡಿದು ಲಿಫ್ಟಿಗೆ ಕಾಯ್ತಿದ್ದರೆ ಮೊದಲನೇ ಪ್ರಶ್ನೆ, "ಎಷ್ಟು ಇಳೀತು?" ಸಪೂರ ಇರೋ ಸಹೋದ್ಯೋಗಿ ಅದೇ ಹೆಲ್ಮೆಟ್ ಹಿಡಿದು ನಿಂತರೆ ಕೇಳೋದು, "ಯಾವ ರೂಟು? ಎಷ್ಟು ಕಿಲೋಮೀಟರು?"

ಎರಡು ಪ್ರಶ್ನೆಗಳ ನಡುವಿನ ಅಂತರ ಗಮನಿಸಿ. ಅವನು ಎಲ್ಲಿಗೋ ಹೋಗಿ ಬಂದಿದ್ದಾನೆ. ನಾನು ನನ್ನಿಂದ ದೂರ ಹೋಗೋಕೆ ಪ್ರಯತ್ನ ಪಡ್ತಿದ್ದೀನಿ. ಅವನ ಸೈಕಲ್ಲು ಹವ್ಯಾಸ, ನನ್ನ ಸೈಕಲ್ಲು ಪ್ರಾಯಶ್ಚಿತ್ತ. ದಪ್ಪಗಿರೋ ಮೈ ರಸ್ತೆ ಮೇಲೆ ಕಂಡರೆ ಜನ ಕ್ಷಮಿಸೋಕೆ ತಯಾರಿದ್ದಾರೆ, ಆದರೆ ಅದು ಬೇಗ ಇಲ್ಲವಾಗೋ ಭರವಸೆ ಕೊಟ್ಟರೆ ಮಾತ್ರ. ಷರತ್ತಿನ ಮೇಲೆ ಬಿಡುಗಡೆ ಇದ್ದ ಹಾಗೆ, ಆಗಾಗ ಠಾಣೆಗೆ ಬಂದು ತೂಕದ ಸಹಿ ಹಾಕಬೇಕು. ಆರು ತಿಂಗಳಾದ ಮೇಲೂ ಕರಗದೆ ಅದೇ ರಸ್ತೆಯಲ್ಲಿ ನಗ್ತಾ ಬಂದರೆ? ಆಗ ಹಿರಿಯರ ಮುಖದಲ್ಲಿ ಒಂದು ಗೊಂದಲ ಕಾಣುತ್ತೆ. ನಾನು ಅದನ್ನು ನೋಡಿದ್ದೀನಿ. ನನಗೆ ಇಳಿದದ್ದು ಮೂರು ಕೆಜಿ, ಮತ್ತೆ ಹತ್ತಿದ್ದು ಮೂರು ಕೆಜಿ.

"ಹಾಗಂತ ಆರೋಗ್ಯ ಬೇಡವೇನ್ರೀ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ತೂಕಕ್ಕೂ ಸಕ್ಕರೆ ಕಾಯಿಲೆಗೂ ಮಂಡಿನೋವಿಗೂ ಸಂಬಂಧ ಇಲ್ಲ ಅಂತ ನಾನು ವಾದಿಸಲ್ಲ. ಆದರೆ ವ್ಯಾಯಾಮದ ಲಾಭ ತಕ್ಕಡಿ ಮುಳ್ಳಿನ ಮೂಲಕವೇ ಬರಬೇಕು ಅಂತೇನೂ ಇಲ್ಲ. ಒಂದು ಕೆಜಿ ಇಳಿಯದಿದ್ದರೂ ನಿಯಮಿತವಾಗಿ ತುಳಿಯೋರ ಹೃದಯದ ಮತ್ತು ಶ್ವಾಸಕೋಶದ ಸಾಮರ್ಥ್ಯ ಹೆಚ್ಚುತ್ತೆ, ಇನ್ಸುಲಿನ್‌ಗೆ ದೇಹ ಸ್ಪಂದಿಸೋ ರೀತಿ ಸುಧಾರಿಸುತ್ತೆ. ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಮಾತಾಡೋ ಉಸಿರು ಈಗ ನನಗಿದೆ, ಮೊದಲು ಇರಲಿಲ್ಲ. ಅದು ನನಗೂ ನನ್ನ ಡಾಕ್ಟರಿಗೂ ಬಿಟ್ಟ ವಿಷಯ. ರಸ್ತೆಗೆ ಬರೋಕೆ ತೋರಿಸಬೇಕಾದ ಟಿಕೆಟ್ ಅದಲ್ಲ. ಆರೋಗ್ಯದ ಆಸೆಯೇ ಇಲ್ಲದೆ, ಸುಮ್ಮನೆ ಗಾಳಿ ಚೆನ್ನಾಗಿದೆ ಅಂತ ಒಬ್ಬಳು ಹೊರಟರೂ ಅವಳಿಗೆ ರಸ್ತೆ ಅಷ್ಟೇ ಸೇರಿದ್ದು.

ಮೈಚಳಿ ಒಬ್ಬೊಬ್ಬರೇ ಬಿಡೋದು ಕಷ್ಟ ಅನ್ನೋದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ಪಕ್ಕದ ತಮಿಳುನಾಡಿನದು. 1990ರ ದಶಕದ ಆರಂಭದಲ್ಲಿ ಪುದುಕೋಟೈ ಜಿಲ್ಲೆಯಲ್ಲಿ 'ಅರಿವೊಳಿ ಇಯಕ್ಕಂ' ಅನ್ನೋ ಸಾಕ್ಷರತಾ ಆಂದೋಲನ ನಡೀತು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಹಳ್ಳಿ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಬೇಕು ಅಂತ ತೀರ್ಮಾನವಾಯ್ತು. ಪತ್ರಕರ್ತ ಪಿ. ಸಾಯಿನಾಥ್ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಲೇಡೀಸ್ ಸೈಕಲ್ಲುಗಳು ಸಾಕಾಗದೆ ಅಡ್ಡ ಕಂಬಿ ಇರೋ ಗಂಡಸರ ಸೈಕಲ್ಲುಗಳನ್ನೇ ತೆಗೆದುಕೊಂಡು ಹೊರಟರು. ಅವರಿಗೆ ಅಣಕ, ಕೊಂಕು ಮಾತು ಕಡಿಮೆ ಬಿದ್ದಿರಲಿಲ್ಲ. ಹೆಣ್ಣು ಕಾಲು ಅಗಲಿಸಿ ಕೂತು ಸೈಕಲ್ ತುಳಿಯೋದು ಅಂದರೇನು ಅಂತ! ಆದರೆ ಹೆಂಗಸರು ಗುಂಪು ಗುಂಪಾಗಿ ಕಲಿತರು. ಅಣಕ ನಡೆಯೋದು ಒಬ್ಬಂಟಿ ಮೇಲೆ. ಸಾವಿರ ಜನ ಹೊರಟರೆ ಅಣಕಿಸುವವನೇ ಅಲ್ಲಿ ಒಬ್ಬಂಟಿ.

ನಮ್ಮಲ್ಲೂ ಇದರ ಚಿಕ್ಕ ರೂಪ ನೋಡಿದ್ದೀವಿ. ಕರ್ನಾಟಕ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ವರ್ಷಗಟ್ಟಲೆ ಉಚಿತ ಸೈಕಲ್ ಕೊಟ್ಟಿತು. ಆ ಕಾಲದಲ್ಲಿ ತಾಲ್ಲೂಕಿನ ರಸ್ತೆಗಳಲ್ಲಿ ಸಂಜೆ ನಾಲ್ಕೂವರೆಗೆ ನಿಂತರೆ ಯೂನಿಫಾರ್ಮಿನ ಹುಡುಗಿಯರು ಸಾಲಾಗಿ, ಮೂರು ಮೂರು ಜನ ಪಕ್ಕಪಕ್ಕ, ಬಸ್ಸಿನವನು ಎಷ್ಟು ಹಾರ್ನ್ ಹೊಡೆದರೂ ಕೇರ್ ಮಾಡದೆ ಹರಟೆ ಹೊಡ್ಕೊಂಡು ಹೋಗ್ತಿದ್ದರು. ಅವರಲ್ಲಿ ದಪ್ಪ ಇದ್ದವರೂ ಇದ್ದರು, ಸಣಕಲು ಇದ್ದವರೂ ಇದ್ದರು. ಯಾರ ಕಣ್ಣೂ ಒಬ್ಬಳ ಮೇಲೆ ನಿಲ್ಲೋಕೆ ಪುರುಸೊತ್ತೇ ಇರುತ್ತಿರಲಿಲ್ಲ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಮೋಟಾರು ವಾಹನ ಬಿಡಲ್ಲ. ಅಲ್ಲಿ ಸೈಕಲ್ ತುಳಿಯುವಾಗ ನನಗೆ ಆಗೋದೂ ಇದೇ. ಅಜ್ಜ, ಮೊಮ್ಮಗು, ಸೀರೆ ಉಟ್ಟವರು, ಲೈಕ್ರಾ ತೊಟ್ಟವರು, ಬೀಳ್ತಿರೋರು, ಏಳ್ತಿರೋರು. ಅಷ್ಟು ಬಗೆಯ ಮೈಗಳ ನಡುವೆ ನನ್ನದು ಇನ್ನೊಂದು. ಅಲ್ಲಿ ಧೈರ್ಯದ ಅಗತ್ಯವೇ ಬೀಳಲ್ಲ. ಧೈರ್ಯ ಬೇಕಾಗೋದು ನಾನೊಬ್ಬಳೇ ಇರೋ ರಸ್ತೆಯಲ್ಲಿ.

ಹಾಗಾಗಿ ಇದು ನನ್ನೊಬ್ಬಳ ಮನೋಬಲದ ಕಥೆ ಆಗಬಾರದು. ಯಾರದೋ ಮೈಚಳಿ ಬಿಡಿಸೋ ಜವಾಬ್ದಾರಿ ಅರ್ಧ ನೋಡೋರದ್ದೂ ಹೌದು. ದೊಡ್ಡ ತ್ಯಾಗ ಏನೂ ಬೇಡ. ಚಪ್ಪಾಳೆ ಬೇಡ, ಸಲಹೆ ಬೇಡ, "ಸ್ಫೂರ್ತಿ ನೀವು" ಅನ್ನೋದೂ ಬೇಡ. ಸಪೂರ ಸಹೋದ್ಯೋಗಿಗೆ ಕೇಳೋ ಪ್ರಶ್ನೆಯನ್ನೇ ನಮಗೂ ಕೇಳಿ. ಯಾವ ರೂಟು? ಅಲ್ಲಿ ಟೀ ಚೆನ್ನಾಗಿ ಸಿಗುತ್ತಾ? ನನ್ನ ಜೀವನದಲ್ಲಿ ರಸ್ತೆ ಮೇಲೆ ಕೇಳಿದ ಅತ್ಯಂತ ಗೌರವದ ಮಾತು ಒಬ್ಬ ಆಟೋ ಚಾಲಕನದು. "ಮೇಡಂ, ಲೆಫ್ಟಲ್ಲಿ ಮ್ಯಾನ್‌ಹೋಲ್ ಓಪನ್ ಐತೆ, ನೋಡ್ಕಳಿ" ಅಂದು ಮುಂದೆ ಹೋದ. ಅವನ ಕಣ್ಣಿಗೆ ನಾನು ರಸ್ತೆ ಬಳಸೋ ಇನ್ನೊಬ್ಬಳು, ಅಷ್ಟೇ.

ಈಗ ನನಗೆ ಮೈಚಳಿ ಪೂರ್ತಿ ಹೋಗಿದೆಯಾ? ಇಲ್ಲ. ಹೊಸ ರಸ್ತೆ, ಹೊಸ ಗುಂಪು, ಬಿಗಿಯಾದ ಪ್ಯಾಡೆಡ್ ಶಾರ್ಟ್ಸು ಅಂದಾಗ ಮತ್ತೆ ಬರುತ್ತೆ. ಸಾಮಾನ್ಯವಾಗಿ ಎರಡನೇ ಕಿಲೋಮೀಟರಿನ ಹೊತ್ತಿಗೆ ಹ್ಯಾಂಡಲ್ ಬಿಟ್ಟು ಹಿಂದಿನ ಕ್ಯಾರಿಯರ್ ಮೇಲೆ ಹೋಗಿ ಕೂರುತ್ತೆ. ಕೂತಿರಲಿ. 92 ಕೆಜಿ ಹೊತ್ತ ಸೈಕಲ್ಲಿಗೆ ಅದೇನು ಭಾರ.

ನಿಮ್ಮ ಬಾಲ್ಕನಿಯಲ್ಲೂ ಒಂದು ಸೈಕಲ್ಲು ಟವೆಲ್ ಒಣಗಿಸ್ತಾ ನಿಂತಿರಬಹುದು. ಸ್ವಲ್ಪ ತೂಕ ಇಳಿದ ಮೇಲೆ ಹೊರಗೆ ತೆಗೀತೀನಿ ಅಂತ ನೀವೂ ಅಂದುಕೊಂಡಿರಬಹುದು. ಹಾಗೆ ಕಾಯೋದು ಅಂದರೆ ಈಗಿನ ನಿಮ್ಮನ್ನು ಮನೆಯಲ್ಲಿ ಕೂಡಿಹಾಕಿ, ಇನ್ನೂ ಹುಟ್ಟದ ಯಾರಿಗೋ ರಸ್ತೆ ಕಾದಿರಿಸಿದ ಹಾಗೆ. ಅವಳು ಬರಲೂಬಹುದು, ಬರದೆಯೂ ಇರಬಹುದು. ರಸ್ತೆ ಇವತ್ತು ಇದೆ. ಸೀಟಿನ ಎತ್ತರ ಸರಿ ಮಾಡಿಸಿ, ಹೊಟ್ಟೆಗೆ ಕಾಲು ತಾಗ್ತಿದ್ದರೆ ಹ್ಯಾಂಡಲ್ ಸ್ವಲ್ಪ ಮೇಲೆ ಎತ್ತಿಸಿ, ಉದ್ದ ದುಪಟ್ಟಾ ಬಿಟ್ಟು ಹೊರಡಿ, ಅದು ಚೈನಿಗೆ ಸಿಕ್ಕಿಕೊಳ್ಳುತ್ತೆ. ಹೊರಡೋ ಮುಂಚೆ ಕನ್ನಡಿ ನೋಡದಿದ್ದರೂ ನಡೆಯುತ್ತೆ. ಎರಡೂ ಟಯರನ್ನು ಒತ್ತಿ ಗಾಳಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.